ಬೆಟ್ಟದ ಹಾಡು, ಸಭೆಯ ಹಾಡು: ಮಾಗ್ನುಸ್ ಲಾಂಡ್‌ಸ್ಟಾಡರ ಸ್ತುತಿಗೀತ ಸೇವೆ

ಸಭೆಯವರೆಲ್ಲರೂ ಕೂಡಿ ತಮ್ಮ ಭಾಷೆಯಲ್ಲಿ ಹಾಡುವ ಸ್ತುತಿಗೀತೆಯು ಲೂಥರನ್ ಸುಧಾರಣೆಯು ಕ್ರೈಸ್ತ ಸಭೆಗೆ ಕೊಟ್ಟ ಶ್ರೇಷ್ಠ ಕೊಡುಗೆಗಳಲ್ಲಿ ಒಂದೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ‘ತಮ್ಮ ಭಾಷೆ’ ಎಂಬ ಮಾತು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾದುದಲ್ಲ. ಒಂದೇ ಊರಿನಲ್ಲಿ ಗ್ರಂಥದ ಭಾಷೆ ಒಂದಾಗಿ, ಒಲೆಯ ಮುಂದೆ ಆಡುವ ಭಾಷೆ ಇನ್ನೊಂದಾಗಿರುವುದುಂಟು. ಇವೆರಡರಲ್ಲಿ ಸಭೆಯು ಯಾವುದರಲ್ಲಿ ಹಾಡಬೇಕು? ಓದುಬಲ್ಲವರು ಮೆಚ್ಚುವ ಶುದ್ಧ ಪದಗಳಲ್ಲಿಯೋ, ಓದಲಾರದವರ ನೆನಪಿನಲ್ಲಿ ಉಳಿಯುವ ಪದಗಳಲ್ಲಿಯೋ? ಈ ಪ್ರಶ್ನೆಯನ್ನು ಸಭಾಪಾಲಕರಾಗಿಯೂ ವಿದ್ವಾಂಸರಾಗಿಯೂ ಹೊತ್ತು ನಡೆದ ಒಬ್ಬರನ್ನು ಈ ಲೇಖನದಲ್ಲಿ ಪರಿಚಯಿಸಲು ಬಯಸುತ್ತೇವೆ. ಅವರು ನಾರ್ವೆ ದೇಶದ ಮಾಗ್ನುಸ್ ಬ್ರೊಸ್ಟ್ರುಪ್ ಲಾಂಡ್‌ಸ್ಟಾಡ್ (1802–1880).

ಲಾಂಡ್‌ಸ್ಟಾಡರ ಹೆಸರು ಎರಡು ಗ್ರಂಥಗಳೊಂದಿಗೆ ಬೆಸೆದುಕೊಂಡಿದೆ. ಒಂದು, 1853ರಲ್ಲಿ ಪ್ರಕಟವಾದ ನಾರ್ವೆಯ ಜನಪದ ಗೀತೆಗಳ ಸಂಗ್ರಹ. ಇನ್ನೊಂದು, 1869ರಲ್ಲಿ ರಾಜಾಜ್ಞೆಯ ಮೂಲಕ ಮಾನ್ಯತೆ ಪಡೆದ ಸಭೆಯ ಗೀತಪುಸ್ತಕ. ಮೊದಲನೆಯದನ್ನು ಜಾನಪದ ವಿದ್ವಾಂಸರು ಓದುತ್ತಾರೆ, ಎರಡನೆಯದನ್ನು ಸಭಾಚರಿತ್ರೆಯವರು ಓದುತ್ತಾರೆ. ಇವೆರಡೂ ಒಂದೇ ಸಭಾಪಾಲನೆಯ ಫಲಗಳೆಂದೂ, ಮೊದಲನೆಯದರಲ್ಲಿ ಅವರು ಕಲಿತ ಪಾಠವಿಲ್ಲದೆ ಎರಡನೆಯದು ಆ ರೂಪದಲ್ಲಿ ಹುಟ್ಟುತ್ತಿರಲಿಲ್ಲವೆಂದೂ ನಾವು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲಾಂಡ್‌ಸ್ಟಾಡರು 1802ರ ಅಕ್ಟೋಬರ್ 7ರಂದು ನಾರ್ವೆಯ ಉತ್ತರದ ಕೊನೆಯಲ್ಲಿರುವ ಫಿನ್‌ಮಾರ್ಕ್ ಪ್ರಾಂತದ ಮೋಸೋಯ್ ಎಂಬಲ್ಲಿ ಜನಿಸಿದರು. ತಂದೆ ಹಾನ್ಸ್ ಲಾಂಡ್‌ಸ್ಟಾಡರು ಅಲ್ಲಿಯ ಸಭಾಪಾಲಕರು. ತಂದೆಯ ವರ್ಗಾವಣೆಗಳೊಂದಿಗೆ ಕುಟುಂಬವು ದಕ್ಷಿಣಕ್ಕೆ ಸರಿದು, ಟೆಲೆಮಾರ್ಕ್ ಪ್ರಾಂತದ ವಿನ್ಯೆ ಎಂಬ ಊರಿಗೂ ಬಳಿಕ ಸೆಲ್ಯೋರ್ಡಿಗೂ ಬಂದು ನೆಲೆಸಿತು. ಬೆಟ್ಟಗಳ ನಡುವೆ ಹುದುಗಿದ ಆ ಕಣಿವೆಗಳಲ್ಲಿ ಹೊರಗಿನ ಸಂಪರ್ಕ ಕಡಿಮೆಯಿತ್ತು, ಹಳೆಯ ನುಡಿಯೂ ಹಳೆಯ ಹಾಡುಗಳೂ ಇನ್ನೂ ಜೀವಂತವಾಗಿದ್ದವು. ಬಾಲಕ ಮಾಗ್ನುಸನ ಕಿವಿಗೆ ದೇವಾಲಯದಲ್ಲಿ ಒಂದು ಭಾಷೆಯೂ ಹೊಲದ ಬದುವಿನಲ್ಲಿ ಇನ್ನೊಂದು ಭಾಷೆಯೂ ಬೀಳುತ್ತಿದ್ದವು.

ಈ ಎರಡು ಭಾಷೆಗಳ ಹಿನ್ನೆಲೆಯನ್ನು ತಿಳಿಯದೆ ಮುಂದಿನದು ಅರ್ಥವಾಗದು. ನಾರ್ವೆಯು ಶತಮಾನಗಳ ಕಾಲ ಡೆನ್ಮಾರ್ಕಿನ ಅರಸರ ಆಳ್ವಿಕೆಯಲ್ಲಿತ್ತು. 1537ರಲ್ಲಿ ಸುಧಾರಣೆಯು ಅರಸನ ಆಜ್ಞೆಯಿಂದ ಅಲ್ಲಿಗೆ ಬಂದಾಗ ಸತ್ಯವೇದವೂ ಆರಾಧನಾವಿಧಿಯೂ ಗೀತೆಗಳೂ ಡ್ಯಾನಿಶ್ ಭಾಷೆಯಲ್ಲಿಯೇ ಬಂದವು. ಜರ್ಮನಿಯಲ್ಲಿ ಸುಧಾರಣೆಯು ಜನರ ಭಾಷೆಗೆ ಗೌರವವನ್ನು ತಂದುಕೊಟ್ಟರೆ, ನಾರ್ವೆಯಲ್ಲಿ ಅದೇ ಸುಧಾರಣೆಯು ಹತ್ತಿರದ್ದಾದರೂ ತನ್ನದಲ್ಲದ ಭಾಷೆಯೊಂದನ್ನು ಬಲಿಪೀಠದ ಮುಂದೆ ನಿಲ್ಲಿಸಿತು. 1814ರಲ್ಲಿ ಡೆನ್ಮಾರ್ಕಿನೊಂದಿಗಿನ ರಾಜಕೀಯ ಬಂಧ ಕಳಚಿದರೂ ಬರಹದ ಭಾಷೆಯು ಡ್ಯಾನಿಶ್ ಆಗಿಯೇ ಉಳಿಯಿತು.

1822ರಲ್ಲಿ ಲಾಂಡ್‌ಸ್ಟಾಡರು ಇಂದು ಓಸ್ಲೊ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯಾದ ವಿಶ್ವವಿದ್ಯಾಲಯವನ್ನು ಸೇರಿ, 1827ರಲ್ಲಿ ದೇವಶಾಸ್ತ್ರದ ಪದವಿಯನ್ನು ಪಡೆದರು. ವಿದ್ಯಾರ್ಥಿದೆಸೆಯಲ್ಲಿ ಹಳೆಯ ಪುಸ್ತಕಗಳ ಹರಾಜೊಂದರಲ್ಲಿ ಕೊಂಡ ಕಟ್ಟಿನಲ್ಲಿ ಜರ್ಮನ್ ಸಭಾಪಾಲಕ ಫಿಲಿಪ್ ನಿಕೊಲಾಯರ ಕೃತಿಯೊಂದು ಅವರ ಕೈಸೇರಿತು. ಮಹಾಮಾರಿಯ ದಿನಗಳಲ್ಲಿ ತಮ್ಮ ಸಭೆಯ ನೂರಾರು ಮಂದಿಯನ್ನು ಸಮಾಧಿ ಮಾಡಿದ ನಿಕೊಲಾಯರು ಮರಣದ ನೆರಳಿನಲ್ಲಿ ನಿತ್ಯಜೀವವನ್ನು ಹಾಡಿದವರು. ಆ ಗೀತೆಗಳನ್ನು ಅನುವಾದಿಸಲು ಕುಳಿತ ಯುವಕನ ಗೀತವ್ಯಾಸಂಗವು ಅಲ್ಲಿಂದ ಮೊದಲಾಯಿತು. ಅದು ಅನುವಾದದಿಂದ, ಎಂದರೆ ಇನ್ನೊಬ್ಬ ವಿಶ್ವಾಸಿಯ ಮಾತಿಗೆ ಕಿವಿಗೊಡುವ ಅಭ್ಯಾಸದಿಂದ ಮೊದಲಾಯಿತೆಂಬುದನ್ನು ನಾವು ಗಮನಿಸಬೇಕು.

ಟೆಲೆಮಾರ್ಕಿನ ಹಾಡುಗಳು

ಗೌಸ್‌ಡಾಲಿನಲ್ಲಿ ಕೆಲವು ವರ್ಷ ಸೇವೆಮಾಡಿದ ಮೇಲೆ ಲಾಂಡ್‌ಸ್ಟಾಡರು 1834ರಲ್ಲಿ ಟೆಲೆಮಾರ್ಕಿನ ಕ್ವಿಟೆಸೈಡಿಗೆ ಸಭಾಪಾಲಕರಾಗಿ ಮರಳಿದರು. ತಂದೆಯು ಸೇವೆಮಾಡಿದ್ದ ಸೆಲ್ಯೋರ್ಡ್ ಸಭೆಯ ಹೊಣೆಯು 1840ರ ಸುಮಾರಿಗೆ ಅವರದಾಯಿತು. ಈ ವರ್ಷಗಳಲ್ಲಿ ಅವರು ತಮ್ಮ ಸಭೆಯವರ ಬಾಯಿಂದ ಹಳೆಯ ಕಥನಗೀತೆಗಳನ್ನು ಕೇಳಿ ಬರೆದಿಟ್ಟುಕೊಳ್ಳತೊಡಗಿದರು.

ಸಭಾಪಾಲಕರೊಬ್ಬರಿಗೆ ಇದು ಸಹಜವಾದ ಕಾರ್ಯವಾಗಿರಲಿಲ್ಲ. ಆ ಹಾಡುಗಳಲ್ಲಿ ರಾಕ್ಷಸರು, ಬೆಟ್ಟದೊಳಗೆ ವಾಸಿಸುವ ಮಾಯಾಜನ, ಪ್ರೇಮ, ಕೊಲೆ ಎಲ್ಲವೂ ಇದ್ದವು. ಹಾನ್ಸ್ ನೀಲ್ಸೆನ್ ಹೌಗೆಯವರ (1771–1824) ಆತ್ಮಿಕ ಜಾಗೃತಿಯ ಪ್ರಭಾವಕ್ಕೊಳಗಾದ ಅನೇಕ ವಿಶ್ವಾಸಿಗಳು ಹಳೆಯ ಹಾಡು ಕುಣಿತಗಳನ್ನು ಪಾಪಕ್ಕೆ ಸೇರಿದವೆಂದು ತೊರೆದಿದ್ದರು. ಆ ತೊರೆಯುವಿಕೆಯ ಹಿಂದೆ ನಿಜವಾದ ಮಾನಸಾಂತರವಿತ್ತೆಂಬುದನ್ನು ನಾವು ಅಲ್ಲಗಳೆಯಲಾಗದು. ಆದರೆ ಲಾಂಡ್‌ಸ್ಟಾಡರು ಬೇರೊಂದನ್ನೂ ಕಂಡರು. ಅಕ್ಷರ ಬಲ್ಲದ ಒಬ್ಬ ಮುದುಕಿಯ ನೆನಪಿನಲ್ಲಿ ಹತ್ತಾರು ಪದ್ಯಗಳ ಹಾಡೊಂದು ತಲೆಮಾರುಗಳನ್ನು ದಾಟಿ ಕೆಡದೆ ಉಳಿಯಬಹುದು. ಅದೇ ಮುದುಕಿಯು ಪ್ರತಿ ಭಾನುವಾರ ದೇವಾಲಯದಲ್ಲಿ ಕೇಳಿದ ಗೀತೆಯು ಅವಳ ನೆನಪಿನಲ್ಲಿ ಹಾಗೆಯೇ ನಿಲ್ಲುವುದೆಂಬ ಭರವಸೆಯಿಲ್ಲ.

ಅವರು ಬರೆದಿಟ್ಟ ಹಾಡುಗಳಲ್ಲಿ ‘ಡ್ರೌಮ್‌ಕ್ವೆಡೆ’ ಎಂಬ ಸ್ವಪ್ನಗೀತೆಯು ನಮ್ಮ ಓದುಗರಿಗೆ ವಿಶೇಷವಾಗಿ ಪ್ರಸ್ತುತವಾದುದು. ಓಲಾವ್ ಓಸ್ಟೆಸೊನ್ ಎಂಬವನು ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಮಲಗಿ, ಹದಿಮೂರನೆಯ ದಿನಕ್ಕೆ ಎಚ್ಚತ್ತು, ಕುದುರೆಯೇರಿ ದೇವಾಲಯಕ್ಕೆ ಬಂದು, ಬಾಗಿಲಲ್ಲಿ ಕುಳಿತು ತಾನು ಕಂಡ ಪರಲೋಕದ ದರ್ಶನವನ್ನು ಹೇಳುತ್ತಾನೆ. ಸತ್ತವರು ದಾಟಬೇಕಾದ ಭಯಂಕರ ಸೇತುವೆ, ಆತ್ಮಗಳನ್ನು ತೂಗುವ ಪ್ರಧಾನದೂತ ಮಿಕಾಯೇಲ, ಬಡವರಿಗೆ ದಾನಮಾಡಿದವರಿಗೆ ದೊರೆಯುವ ನೆಮ್ಮದಿ ಇವೆಲ್ಲವೂ ಅದರಲ್ಲಿವೆ. ಒಳಗೆ ಸಭಾಪಾಲಕನು ಪ್ರಸಂಗಿಸುತ್ತಿರುವಾಗ ಹೊಸ್ತಿಲಲ್ಲಿ ಒಬ್ಬ ಸಾಮಾನ್ಯನು ಇನ್ನೊಂದು ಪ್ರಸಂಗವನ್ನು ಹೇಳುತ್ತಿದ್ದಾನೆ. ನಂಬಿಕೆಯಿಂದಲೇ ನೀತಿವಂತರೆನಿಸುವ ಬೋಧನೆಗೆ ಈ ಹಾಡಿನ ತಕ್ಕಡಿಯು ಸಲ್ಲುವುದಿಲ್ಲವೆಂಬುದು ನಿಜ. ಆದರೂ ನ್ಯಾಯತೀರ್ಪು, ಕರುಣೆ, ಬಡವರ ಹಕ್ಕು ಎಂಬ ವಿಷಯಗಳು ಟೆಲೆಮಾರ್ಕಿನ ಜನರ ಮನಸ್ಸಿನಲ್ಲಿ ಅವರದೇ ಮಾತಿನಲ್ಲಿ ನೆಲೆಗೊಂಡಿದ್ದವೆಂಬುದಕ್ಕೆ ಅದು ಸಾಕ್ಷಿ. ಈ ಹಾಡನ್ನು ಒಬ್ಬ ಲೂಥರನ್ ಸಭಾಪಾಲಕರು ಅಳಿಸಲು ಹೋಗದೆ ಉಳಿಸಿಕೊಟ್ಟರು.

ಈ ಕಾರ್ಯದಲ್ಲಿ ಅವರು ಒಬ್ಬಂಟಿಗರಾಗಿರಲಿಲ್ಲ. ಸಭಾಪಾಲಕರ ಮಗಳೂ ಕ್ವಿಟೆಸೈಡಿನ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರೂ ಆದ ಓಲೆಯಾ ಕ್ರೋಗೆರ್ (1801–1855) ಎಂಬ ಮಹಿಳೆಯು ಹಾಡುಗಳನ್ನೂ ಅವುಗಳ ಧಾಟಿಗಳನ್ನೂ ಕಲೆಹಾಕಿದ್ದರು. ಕ್ರಿಸ್ಟಿಯಾನಿಯಾದ ಆರ್ಗನ್ ವಾದಕ ಲುಡ್ವಿಗ್ ಮಾಥಿಯಾಸ್ ಲಿಂಡೆಮಾನರು ಧಾಟಿಗಳನ್ನು ಸ್ವರಲಿಪಿಯಲ್ಲಿ ಅಚ್ಚಿಗೆ ಅಣಿಗೊಳಿಸಿದರು. 1853ರ ಗ್ರಂಥದ ಮುಖಪುಟದಲ್ಲಿ ಮಾತ್ರ ಸಂಗ್ರಾಹಕರೆಂದು ಲಾಂಡ್‌ಸ್ಟಾಡರ ಹೆಸರೊಂದೇ ಇದೆ. ಸಭೆಯ ಚರಿತ್ರೆಯನ್ನು ಬರೆಯುವ ನಾವು ಇಂಥ ಮುಖಪುಟಗಳನ್ನು ಎಚ್ಚರದಿಂದ ಓದಬೇಕು.

ಗೀತಪುಸ್ತಕದ ಕರೆ

ಇತ್ತ ನಾರ್ವೆಯ ಸಭೆಗಳಲ್ಲಿ ಹಾಡಿನ ಸ್ಥಿತಿ ಚದುರಿಹೋಗಿತ್ತು. ಕೆಲವೆಡೆ ಡ್ಯಾನಿಶ್ ಬಿಷಪ್ ಥಾಮಸ್ ಕಿಂಗೋ ಅವರ 1699ರ ಗೀತಪುಸ್ತಕ, ಕೆಲವೆಡೆ 1778ರ ಗುಲ್ಡ್‌ಬರ್ಗ್ ಪುಸ್ತಕ, ಇನ್ನು ಕೆಲವೆಡೆ ವಿಚಾರವಾದದ ಯುಗದಲ್ಲಿ ಸಿದ್ಧವಾದ 1798ರ ಪುಸ್ತಕ ಬಳಕೆಯಲ್ಲಿದ್ದವು. ಈ ಕೊನೆಯ ಪುಸ್ತಕದಲ್ಲಿ ಸದ್ಗುಣ ಮತ್ತು ಕರ್ತವ್ಯಗಳ ಉಪದೇಶವು ಮುಂದಾಗಿ, ಶಿಲುಬೆ ಮತ್ತು ಕೃಪೆಯ ಮಾತು ಹಿಂದಾಗಿತ್ತು. ಹಳೆಯ ಗೀತೆಗಳನ್ನು ಕಾಲದ ರುಚಿಗೆ ತಕ್ಕಂತೆ ತಿದ್ದಲಾಗಿತ್ತು. ಜಾಗೃತಿಯ ವಿಶ್ವಾಸಿಗಳು ಅದನ್ನು ಬದಿಗಿರಿಸಿ ಕಿಂಗೋ ಅವರನ್ನೇ ಅಪ್ಪಿಕೊಂಡಿದ್ದರು. ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋದ ವಿಶ್ವಾಸಿಗೆ ತನ್ನ ಗೀತೆ ಅಲ್ಲಿ ಸಿಗುತ್ತಿರಲಿಲ್ಲ.

ಕ್ರಿಸ್ಟಿಯಾನಿಯಾದ ಸಭಾಪಾಲಕ ವಿಲ್ಹೆಲ್ಮ್ ಆಂಡ್ರೆಯಾಸ್ ವೆಕ್ಸೆಲ್ಸರು 1840ರಲ್ಲಿ ಒಂದು ಸಂಗ್ರಹವನ್ನು ಹೊರತಂದರು. ಅವರು ಡೆನ್ಮಾರ್ಕಿನ ಗ್ರುಂಟ್‌ವಿಗರ ದೇವಶಾಸ್ತ್ರದತ್ತ ಒಲಿದವರೆಂಬ ಶಂಕೆಯಿಂದ ಅವರ ಯತ್ನಕ್ಕೆ ಎಲ್ಲರ ಒಪ್ಪಿಗೆ ದೊರೆಯಲಿಲ್ಲ. 1848ರಲ್ಲಿ ಸರಕಾರವು ಲಾಂಡ್‌ಸ್ಟಾಡರನ್ನು ಕೇಳಿಕೊಂಡಿತು. ಅವರು ಆಗ ಒಪ್ಪಲಿಲ್ಲ. ಮತ್ತೆ ಕರೆಬಂದಾಗ 1852ರಲ್ಲಿ ಹೊಣೆಯನ್ನು ಸ್ವೀಕರಿಸಿದರು. ಅಷ್ಟರಲ್ಲಿ, 1849ರಲ್ಲಿ, ಅವರು ಫ್ರೆಡ್ರಿಕ್ಸ್‌ಹಾಲ್ಡ್ ಪಟ್ಟಣದ ಸಭೆಗೆ ಬಂದಿದ್ದರು. ಅಲ್ಲಿಯ ಕೆಲಸದ ಭಾರದ ನಡುವೆ ಗೀತಪುಸ್ತಕಕ್ಕೆ ಬಿಡುವು ಸಾಲದಾಗಿ, 1859ರಲ್ಲಿ ಸಾಂಡೆಹೆರ್ರೆಡ್ ಸಭೆಗೆ ವರ್ಗವಾದರು.

ಅವರ ಕಾರ್ಯವಿಧಾನವು ಸ್ತುತಿಗೀತೆಗಳ ಅಧ್ಯಯನ ಮಾಡುವವರಿಗೆ ಇಂದಿಗೂ ಪಾಠವಾಗಬಲ್ಲದು. ಪ್ರಾಚೀನ ಸಭೆಯ ಲ್ಯಾಟಿನ್ ಗೀತೆಗಳು, ಲೂಥರರ ಗೀತೆಗಳು, ಜರ್ಮನ್ ಕವಿಗಳು, ಕಿಂಗೋ, ಬ್ರೋರ್ಸೊನ್ ಮತ್ತು ಗ್ರುಂಟ್‌ವಿಗ್ ಎಂಬ ಮೂವರು ಡ್ಯಾನಿಶ್ ಕವಿಗಳು ಇವರೆಲ್ಲರನ್ನೂ ಒಂದೇ ಪುಸ್ತಕದಲ್ಲಿ ಕೂಡಿಸಿದರು. ಅನೇಕ ಗೀತೆಗಳನ್ನು ತಾವೇ ಅನುವಾದಿಸಿದರು, ಕೊರತೆಯಿದ್ದಲ್ಲಿ ತಾವೇ ರಚಿಸಿದರು. ಗೀತೆಗಳನ್ನು ಸಭಾವರ್ಷದ ಕ್ರಮದಲ್ಲಿ, ಆಯಾ ಭಾನುವಾರದ ವೇದಪಾಠಕ್ಕೆ ಹೊಂದುವಂತೆ ಜೋಡಿಸಿದರು. ಹೀಗೆ ಗೀತೆಯು ಪ್ರಸಂಗದ ಮುಂಚಿನ ಹಾಗೂ ಆಮೇಲಿನ ಅಲಂಕಾರವಾಗಿ ಉಳಿಯದೆ, ಆ ದಿನದ ಸುವಾರ್ತೆಯನ್ನು ಸಭೆಯೇ ತನ್ನ ಬಾಯಿಂದ ಸಾರುವ ಸಾಧನವಾಯಿತು.

ಕರಡು, ಟೀಕೆ, ಒಪ್ಪಿಗೆ

1861ರಲ್ಲಿ ಕರಡು ಪ್ರಕಟವಾದೊಡನೆ ಟೀಕೆಗಳು ಎದ್ದವು. ಅವುಗಳಲ್ಲಿ ಮುಖ್ಯವಾದುದು ಭಾಷೆಯನ್ನು ಕುರಿತದ್ದು. ಡ್ಯಾನಿಶ್ ಬರಹದ ನಡುವೆ ನಾರ್ವೆಯ ಹಳ್ಳಿಗರ ಪದಗಳನ್ನೂ ಹಳೆಯ ಜನಪದ ಗೀತೆಗಳ ಧ್ವನಿಯನ್ನೂ ಲಾಂಡ್‌ಸ್ಟಾಡರು ಒಳತಂದಿದ್ದರು. ದೇವರ ಮನೆಗೆ ಇದು ತಕ್ಕದ್ದಲ್ಲವೆಂದು ಕೆಲವರಿಗೆ ತೋರಿತು. ಅವರ ಆಕ್ಷೇಪವನ್ನು ನಾವು ಹಗುರವಾಗಿ ಕಾಣಬಾರದು. ಪರಿಶುದ್ಧವಾದುದನ್ನು ದಿನನಿತ್ಯದ ಮಾತಿನಿಂದ ಬೇರ್ಪಡಿಸಿ ಗೌರವಿಸಬೇಕೆಂಬ ಭಾವನೆಯು ಆರಾಧನೆಯಷ್ಟೇ ಹಳೆಯದು. ಅದಕ್ಕೂ ಮಿಗಿಲಾಗಿ, ತಂದೆತಾಯಿಗಳ ಸಮಾಧಿಯ ಬಳಿ ಹಾಡಿದ ಗೀತೆಯ ಒಂದು ಪದ ಬದಲಾದರೂ ವಿಶ್ವಾಸಿಯ ಮನಸ್ಸು ನೋಯುತ್ತದೆ.

ಲಾಂಡ್‌ಸ್ಟಾಡರು 1862ರಲ್ಲಿ ಒಂದು ಪುಸ್ತಿಕೆಯ ಮೂಲಕ ತಮ್ಮ ನಿಲುವನ್ನು ವಿವರಿಸಿದರು. ಕರಡು ಸಮಿತಿಯ ಪರಿಶೀಲನೆಗೆ ಒಳಪಟ್ಟಿತು. ಅನೇಕ ಕಡೆ ಅವರು ತಿದ್ದುಪಡಿಗಳನ್ನು ಒಪ್ಪಿಕೊಳ್ಳಬೇಕಾಯಿತು. ಕಡೆಗೆ 1869ರ ಅಕ್ಟೋಬರ್ 16ರಂದು ರಾಜಾಜ್ಞೆಯಿಂದ ಪುಸ್ತಕಕ್ಕೆ ಮಾನ್ಯತೆ ಸಿಕ್ಕಿತು. ಆದರೂ ಅದು ಎಲ್ಲ ಸಭೆಗಳ ಮೇಲೆ ಏಕಕಾಲಕ್ಕೆ ಹೇರಲ್ಪಡಲಿಲ್ಲ, ಒಂದೊಂದಾಗಿ ಸಭೆಗಳು ಅದನ್ನು ಸ್ವೀಕರಿಸಿದವು. ಕೆಲವೇ ವರ್ಷಗಳಲ್ಲಿ ದೇಶದ ಹೆಚ್ಚಿನ ಸಭೆಗಳಲ್ಲಿ ಅದು ಬಳಕೆಗೆ ಬಂದಿತು. ಹೌಗೆಯವರ ಮಗನೂ ಸಭಾಪಾಲಕರೂ ಆದ ಆಂಡ್ರೆಯಾಸ್ ಹೌಗೆಯವರ ಗೀತಪುಸ್ತಕವು ಸ್ವಲ್ಪ ಕಾಲದಲ್ಲೇ ಹೊರಬಂದು, ಮುಖ್ಯವಾಗಿ ಪಶ್ಚಿಮ ಭಾಗದ ಸಭೆಗಳಲ್ಲಿ ನೆಲೆಯೂರಿತು. ಲಿಂಡೆಮಾನರ ರಾಗಪುಸ್ತಕಕ್ಕೆ 1877ರಲ್ಲಿ ಮಾನ್ಯತೆ ದೊರೆಯಿತು. ಅಮೆರಿಕಕ್ಕೆ ವಲಸೆಹೋದ ನಾರ್ವೆಯ ಕುಟುಂಬಗಳು ಲಾಂಡ್‌ಸ್ಟಾಡರ ಪುಸ್ತಕವನ್ನು ತಮ್ಮೊಂದಿಗೆ ಕೊಂಡೊಯ್ದವು. 1876ರಲ್ಲಿ ನಿವೃತ್ತರಾದ ಲಾಂಡ್‌ಸ್ಟಾಡರು 1880ರ ಅಕ್ಟೋಬರ್ 8ರಂದು ಕ್ರಿಸ್ಟಿಯಾನಿಯಾದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಅವರ ಗೀತೆಗಳ ದೇವಶಾಸ್ತ್ರ

ಲಾಂಡ್‌ಸ್ಟಾಡರ ಸ್ವಂತ ಗೀತೆಗಳಲ್ಲಿ ಮೂರನ್ನು ಇಲ್ಲಿ ಹೆಸರಿಸಬಹುದು. ಮೊದಲನೆಯದು ವಿಶ್ವಾಸಿಯ ಮರಣವನ್ನು ನಿದ್ರೆಯಾಗಿ ಕಾಣುವ ಗೀತೆ. ಥೆಸಲೋನಿಕದವರಿಗೆ ಪೌಲನು ಬರೆದ ಸಾಂತ್ವನವೇ ಅದರ ಬೇರು. ಆದರೆ ಅದರ ನಡೆ ಮತ್ತು ಚಿತ್ರಗಳು ಟೆಲೆಮಾರ್ಕಿನ ಹಾಡುಗಾರರಿಂದ ಬಂದವು. ದುಡಿದು ದಣಿದ ರೈತನಿಗೆ ನಿದ್ರೆಯೆಂದರೇನೆಂದು ವಿವರಿಸಬೇಕಾಗಿಲ್ಲ. ಎರಡನೆಯದು ನಾರ್ವೆಯ ಕಡಲು ಕಣಿವೆಗಳನ್ನೇ ಆರಾಧನೆಯ ಮಂದಿರವನ್ನಾಗಿ ಮಾಡುವ ಹಬ್ಬದ ಗೀತೆ. ಅಲ್ಲಿ ಸುವಾರ್ತೆಯು ಯೆಹೂದ್ಯ ಸೀಮೆಯಲ್ಲಿಯೂ ವಿಟ್ಟನ್‌ಬರ್ಗಿನಲ್ಲಿಯೂ ನಿಲ್ಲದೆ ಹಾಡುವವರ ಅಂಗಳಕ್ಕೆ ಬರುತ್ತದೆ.

ಮೂರನೆಯದು ಮತ್ತಾಯ 8:11ನ್ನು ಆಧರಿಸಿದ್ದು. ಮೂಡಣ ಪಡುವಣ ದಿಕ್ಕುಗಳಿಂದ ಅನೇಕರು ಬಂದು ಅಬ್ರಹಾಮ, ಇಸಾಕ, ಯಾಕೋಬರೊಂದಿಗೆ ಪಂಕ್ತಿಯಲ್ಲಿ ಕುಳಿತುಕೊಳ್ಳುವರೆಂಬ ಕರ್ತನ ಮಾತನ್ನು ಅದು ಹಾಡುತ್ತದೆ. ಆ ಮಾತನ್ನು ಯೇಸು ಹೇಳಿದ್ದು ರೋಮನ್ ಶತಾಧಿಪತಿಯೊಬ್ಬನ ನಂಬಿಕೆಯನ್ನು ಕಂಡು ಎಂಬುದನ್ನು ನಾವು ಮರೆಯಬಾರದು. ಹೊರಗಿನವನೆನಿಸಿದವನಿಗೆ ಒಳಗೆ ಜಾಗವಿದೆ. ಹೊಸ್ತಿಲಲ್ಲಿ ಕುಳಿತವರ ಹಾಡನ್ನು ಕೇಳಿ ಬರೆದ ಸಭಾಪಾಲಕರ ಲೇಖನಿಯಿಂದ ಈ ಗೀತೆ ಬಂದದ್ದು ತಕ್ಕುದಾಗಿಯೇ ಇದೆ.

ಮಿತಿಗಳು

ಗೌರವದ ಹೆಸರಿನಲ್ಲಿ ಮಿತಿಗಳನ್ನು ಮರೆಮಾಚುವುದು ಚರಿತ್ರೆಯ ಧರ್ಮವಲ್ಲ. ಜನಪದ ಗೀತೆಗಳನ್ನು ಅಚ್ಚುಮಾಡುವಾಗ ಲಾಂಡ್‌ಸ್ಟಾಡರು ಬೇರೆಬೇರೆ ಪಾಠಗಳನ್ನು ಹೊಲಿದು ಒಂದಾಗಿಸಿದರು. ಹಳ್ಳಿಗರ ನುಡಿಗೆ ಪ್ರಾಚೀನ ನಾರ್ಸ್ ಭಾಷೆಯ ವೇಷ ತೊಡಿಸುವಂಥ ಕಾಗುಣಿತವನ್ನು ಬಳಸಿದರು. ಮುದುಕಿಯ ಮಾತು ಗ್ರಂಥಕ್ಕೆ ಏರಬೇಕಾದರೆ ಅದು ಪುರಾತನವೆಂದು ತೋರಬೇಕೆಂಬ ಎಣಿಕೆ ಅದರ ಹಿಂದೆ ಇದ್ದಂತಿದೆ. ಎಂದರೆ, ವಿದ್ವಾಂಸರ ನಾಚಿಕೆಯು ಅವರನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ.

ಗೀತಪುಸ್ತಕದಲ್ಲಿಯೂ ಅವರು ಅರ್ಧದಾರಿಯಲ್ಲೇ ನಿಂತರು. ಅದರ ತಳಹದಿಯು ಡ್ಯಾನಿಶ್ ಭಾಷೆಯೇ. ಐವಾರ್ ಓಸೆನರು ಹಳ್ಳಿಗರ ನುಡಿಗಳ ಆಧಾರದ ಮೇಲೆ ಒಂದು ಹೊಸ ಬರಹದ ಭಾಷೆಯನ್ನು ಆಗಲೇ ರೂಪಿಸಿದ್ದರು. ಅದೇ ಭಾಷೆಯಲ್ಲಿ ಎಲಿಯಾಸ್ ಬ್ಲಿಕ್ಸ್ ಎಂಬ ವಿದ್ವಾಂಸರ ಗೀತೆಗಳು ಲಾಂಡ್‌ಸ್ಟಾಡರ ಪುಸ್ತಕಕ್ಕೆ ಮಾನ್ಯತೆ ದೊರೆತ 1869ರಲ್ಲಿಯೇ ಅಚ್ಚಾಗತೊಡಗಿದವು. 1892ರಲ್ಲಿ ಅವುಗಳನ್ನು ದೇವಾಲಯದಲ್ಲಿ ಹಾಡಲು ಅಪ್ಪಣೆಯಾಯಿತು. ಲಾಂಡ್‌ಸ್ಟಾಡರು ಬಾಗಿಲನ್ನು ಅರ್ಧ ತೆರೆದರು, ಬ್ಲಿಕ್ಸರು ಅದರೊಳಗಿಂದ ನಡೆದು ಬಂದರು. ಆದರೆ ಮುಚ್ಚಿದ ಬಾಗಿಲನ್ನು ಮೊದಲು ತಳ್ಳುವವನ ಕಷ್ಟವೇ ಬೇರೆ.

ನಮ್ಮ ಸಭೆಗಳಿಗೆ

ಲಾಂಡ್‌ಸ್ಟಾಡರು ಕ್ವಿಟೆಸೈಡಿಗೆ ಬಂದ 1834ರಲ್ಲಿಯೇ ಬಾಸೆಲ್ ಮಿಷನಿನ ಮೊದಲ ಮೂವರು ಸೇವಕರು ಮಂಗಳೂರಿಗೆ ಬಂದು ತಲುಪಿದರು. ಇದು ಕೇವಲ ಕಾಲದ ಹೊಂದಿಕೆ. ಆದರೂ ಮುಂದಿನ ಎರಡು ದಶಕಗಳಲ್ಲಿ ಎರಡೂ ಕಡೆ ನಡೆದ ಕಾರ್ಯವನ್ನು ಒಟ್ಟಿಗಿಟ್ಟು ನೋಡುವುದು ಉಪಯುಕ್ತ. ಹೆರ್ಮನ್ ಮೋಗ್ಲಿಂಗರೂ ಗಾಟ್‌ಫ್ರೀಡ್ ವೈಗ್ಲೆಯವರೂ ಕನ್ನಡದಲ್ಲಿ ಕ್ರೈಸ್ತ ಗೀತೆಗಳನ್ನು ರಚಿಸಿದರು, ಜರ್ಮನ್ ಗೀತೆಗಳನ್ನು ಅವುಗಳ ರಾಗಗಳೊಡನೆ ತಂದರು. ಅದೇ ಮೋಗ್ಲಿಂಗರು 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಟೆಲೆಮಾರ್ಕಿನ ಹಾಡುಗಳು ಅಚ್ಚಾಗುವ ಮೂರು ವರ್ಷ ಮೊದಲೇ ಇಲ್ಲಿಯೂ ಒಬ್ಬ ಸುವಾರ್ತಾಸೇವಕರು ಜನರ ನಾಲಗೆಯ ಮೇಲಿದ್ದ ಹಾಡಿಗೆ ಕಿವಿಗೊಟ್ಟಿದ್ದರು.

ಇಂದು ನಮ್ಮ ಸಭೆಗಳಲ್ಲಿ ಪಾಶ್ಚಾತ್ಯ ರಾಗದ ಅನುವಾದಗಳೂ ದೇಶೀಯ ಧಾಟಿಯ ಕೀರ್ತನೆಗಳೂ ಒಂದೇ ಆರಾಧನೆಯಲ್ಲಿ ಕೇಳಿಬರುತ್ತವೆ. ಯಾವುದು ಹೆಚ್ಚು ಎಂಬ ವಾದ ನಮಗೆ ಹೊಸದಲ್ಲ. ಲಾಂಡ್‌ಸ್ಟಾಡರ ಜೀವನವು ಈ ವಾದಕ್ಕೆ ತೀರ್ಪು ಕೊಡುವುದಿಲ್ಲ, ಅದಕ್ಕೊಂದು ಒರೆಗಲ್ಲನ್ನು ಕೊಡುತ್ತದೆ. ಪುಸ್ತಕ ಹಿಡಿಯಲಾರದ, ಕಣ್ಣು ಮಂಜಾದ, ಮರಣಶಯ್ಯೆಯಲ್ಲಿರುವ ವಿಶ್ವಾಸಿಯ ತುಟಿಗೆ ತಾನಾಗಿ ಬರುವ ಗೀತೆ ಯಾವುದು? ಅದು ಜರ್ಮನಿಯಿಂದ ಬಂದಿರಬಹುದು, ಈ ಮಣ್ಣಿನಲ್ಲಿಯೇ ಹುಟ್ಟಿರಬಹುದು. ಅದನ್ನು ಸಭಾಪಾಲಕನು ಗ್ರಂಥಾಲಯದಲ್ಲಿ ಕುಳಿತು ತಿಳಿಯಲಾರನು, ಮನೆಗಳಿಗೆ ಹೋಗಿ ಕೇಳಿಯೇ ತಿಳಿಯಬೇಕು.

ಆದ್ದರಿಂದ ಸೆಮಿನರಿಯಿಂದ ಹೊರಟು ಹಳ್ಳಿಯ ಸಭೆಗೆ ನೇಮಕವಾಗುವ ನಮ್ಮ ಕಿರಿಯ ಸಹೋದರ ಸಹೋದರಿಯರಿಗೆ ನಮ್ಮದೊಂದು ಬಿನ್ನಹ. ಹೊಸ ಗೀತೆಯನ್ನು ಕಲಿಸುವ ಮುನ್ನ, ಹಳೆಯದನ್ನು ತಿದ್ದುವ ಮುನ್ನ, ನಿಮ್ಮ ಸಭೆಯ ಹಿರಿಯರಲ್ಲಿ ಅತಿ ಹಿರಿಯರಾದವರ ಬಳಿ ಕುಳಿತು ಅವರಿಗೆ ಬಾಯಿಪಾಠವಾಗಿರುವ ಗೀತೆಗಳನ್ನು ಕೇಳಿ ಬರೆದುಕೊಳ್ಳಿರಿ. ಹಾಗೆ ಬರೆದುಕೊಂಡ ಪುಟದ ಮೇಲೆ ಅವರ ಹೆಸರನ್ನೂ ಬರೆಯಿರಿ.